ಕಿವಿಯ ಹಿಂದಿನ ದಾರ

ನನ್ನ ತರಗತಿಯ ವಿದ್ಯಾರ್ಥಿಯೊಬ್ಬನಿಗೆ ಗೆಳೆಯರು ‘ಮೊರ’ ಎಂದು ಹೆಸರಿಟ್ಟಿದ್ದರು. ಅವನ ಕಿವಿಗಳು ತುಸು ಹೊರಗೆ ಚಾಚಿದ್ದವು; ಅಪರಾಧವೆಂದರೆ ಅಷ್ಟೇ. ಆ ಹೆಸರು ನನ್ನ ಕಿವಿಗೂ ಬಿದ್ದಿತ್ತು. ಹುಡುಗಾಟವೆಂದು ನಾನು ಸುಮ್ಮನಿದ್ದೆ. ಬೇಸಗೆಯ ರಜೆಯಲ್ಲಿ ಅವನು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ. ಕಿವಿಗಳು ತಲೆಗೆ ಒತ್ತಿ ಕುಳಿತಿದ್ದವು, ಮುಖದಲ್ಲಿ ಗೆಲುವಿತ್ತು.

ಆರು ತಿಂಗಳಾದ ಮೇಲೆ ಒಂದು ದಿನ ಅವನು ನನ್ನ ಕೊಠಡಿಗೆ ಬಂದು ಎಡಗಿವಿಯ ಹಿಂಬದಿಯನ್ನು ತೋರಿಸಿದ. ಕೆಂಪು ಗುಳ್ಳೆ, ಅದರ ನಡುವೆ ದಾರದ ತುದಿ. “ಹೊಲಿಗೆ ಬಿಚ್ಚಿಯಾಗಿತ್ತಲ್ಲ ಸಾರ್, ಇದೆಲ್ಲಿಂದ ಬಂತು?” ಎಂದ.

ಅವನೊಡನೆ ವೈದ್ಯರಲ್ಲಿಗೆ ಹೋದಾಗ ಅದರ ಮರ್ಮ ತಿಳಿಯಿತು. ಬಿಚ್ಚಿದ್ದು ಚರ್ಮದ ಹೊಲಿಗೆಯನ್ನು. ಕಿವಿಯನ್ನು ಹಿಡಿದಿಟ್ಟ ಹೊಲಿಗೆ ಒಳಗೇ ಉಳಿದಿತ್ತು. ಕಿವಿಯ ಮೃದ್ವಸ್ಥಿಯಲ್ಲಿ ಹಿಂದಿನಿಂದ ಹೊಲಿಗೆ ಹಾಕಿ, ಇಲ್ಲದ ಮಡಿಕೆಯನ್ನು ಮೂಡಿಸುವ ಕ್ರಮವನ್ನು ಸ್ಕಾಟ್ಲೆಂಡಿನಲ್ಲಿ ಶಸ್ತ್ರವೈದ್ಯರಾಗಿದ್ದ ಜ್ಯಾಕ್ ಮುಸ್ಟಾರ್ಡೆಯವರು 1963ರಲ್ಲಿ ಪ್ರಕಟಿಸಿದರು. ಮೃದ್ವಸ್ಥಿಗೆ ತನ್ನ ಮೊದಲಿನ ರೂಪಕ್ಕೆ ಮರಳುವ ಹಟವಿದೆ. ಅದನ್ನು ತಡೆಯಲು ಸಾಮಾನ್ಯವಾಗಿ ಕರಗದ ದಾರವನ್ನೇ ಬಳಸುತ್ತಾರೆ. ಆದರೆ ಕಿವಿಯ ಹಿಂದಿನ ಚರ್ಮ ತೆಳು. ಗಂಟು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಮೇಲೆ ಚರ್ಮವನ್ನು ಸವೆಸಿ ಹೊರಬರಬಹುದು. ಹೆಣೆದ ದಾರವಾದರೆ ಅದರ ಎಳೆಗಳ ಸಂದಿಯಲ್ಲಿ ರೋಗಾಣು ಸೇರಿ ಕೀವಾಗಬಹುದು. ಒಂಟಿ ಎಳೆಯ ನೈಲಾನ್ ಆದರೆ ಅದರ ಬಿರುಸಾದ ತುದಿ ಚುಚ್ಚಬಹುದು. ಅತಿಯಾಗಿ ಬಿಗಿದರೆ ದಾರ ಮೃದ್ವಸ್ಥಿಯನ್ನೇ ಕೊಯ್ದು, ಕಿವಿ ಮತ್ತೆ ಚಾಚಿಕೊಳ್ಳಬಹುದು. ಗಂಟಿನ ಮೇಲೆ ಒಳಪದರವೊಂದನ್ನು ಹೊದಿಸಿ ಈ ಅಪಾಯವನ್ನು ತಗ್ಗಿಸುವ ವೈದ್ಯರೂ ಇದ್ದಾರೆ.

ನಾನು ಈ ಚಿಕಿತ್ಸೆಯನ್ನು ಹಳಿಯುತ್ತಿಲ್ಲ. ಅದರಿಂದ ನೆಮ್ಮದಿ ಪಡೆದವರು ಅನೇಕರು. ನನ್ನ ಆಕ್ಷೇಪಣೆ ಬೇರೆ. ‘ಹೊಲಿಗೆ’ ಎಂಬ ಒಂದೇ ಮಾತಿನಲ್ಲಿ ಎರಡು ಹೊಲಿಗೆಗಳು ಅಡಗಿದ್ದುವೆಂಬುದನ್ನು ಆ ಹುಡುಗನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಒಪ್ಪಿಗೆಯ ಕಾಗದ ಇಂಗ್ಲಿಷಿನಲ್ಲಿತ್ತು. ತೋರಿಸಿದ ಕಡೆ ಅವನು ರುಜು ಹಾಕಿದ್ದ. ತಿಳಿಯದೆ ಕೊಟ್ಟದ್ದು ರುಜುವಾದೀತೇ ಹೊರತು ಒಪ್ಪಿಗೆಯಾಗದು. ‘ಒಳಗಿನ ದಾರವನ್ನು ಬಿಚ್ಚುವುದಿಲ್ಲ, ಅದು ನಿನ್ನೊಡನೆ ಇರುತ್ತದೆ, ಎಂದಾದರೂ ಕೆಂಪಾದರೆ, ಚುಚ್ಚಿದರೆ ಕೂಡಲೇ ಬಾ’ - ಇಷ್ಟನ್ನು ಹೇಳಲು ಕನ್ನಡದಲ್ಲಿ ಯಾವ ಪದಕ್ಕೆ ಬಡತನ? ವೈದ್ಯಶಾಸ್ತ್ರಕ್ಕೆ ಕನ್ನಡ ಸಾಲದೆಂದು ವಾದಿಸುವವರು ಈ ಮೂರು ವಾಕ್ಯಗಳನ್ನು ಆಡಿ ನೋಡಲಿ.

ನನ್ನ ಪಾಲಿನ ತಪ್ಪೂ ಸಣ್ಣದಲ್ಲ. ಆ ‘ಮೊರ’ವನ್ನು ನಾನು ಅಂದೇ ತಡೆದಿದ್ದರೆ ಅವನು ಶಸ್ತ್ರಕ್ಕೆ ಕಿವಿಯೊಡ್ಡುತ್ತಿದ್ದನೋ ಇಲ್ಲವೋ ಹೇಳಲಾರೆ. ಆದರೆ ಆ ನಿರ್ಧಾರ ಅವನದೇ ಆಗಿರುತ್ತಿತ್ತು, ಗೇಲಿ ಮಾಡಿದವರದಲ್ಲ.

ದಾರವನ್ನು ತೆಗೆದರು, ಗುಳ್ಳೆ ಮಾಯಿತು. ಎಡಗಿವಿ ಮತ್ತೆ ಸ್ವಲ್ಪ ಹೊರಬಂದಿದೆ. ಎರಡನೆಯ ಚಿಕಿತ್ಸೆಯ ವಿಚಾರವನ್ನು ಅವನಿನ್ನೂ ತೀರ್ಮಾನಿಸಿಲ್ಲ. ಮಾಡಿಸಿಕೊಳ್ಳುವುದಾದರೆ, ರುಜು ಹಾಕುವ ಮುನ್ನ ಆ ಕಾಗದವನ್ನು ಓದಿ ಅರ್ಥ ಹೇಳಬೇಕೆಂದು ನನ್ನನ್ನು ಕೇಳಿದ್ದಾನೆ. ಒಪ್ಪಿಕೊಂಡಿದ್ದೇನೆ.