ಗೋಡೆಗೂ ಊರಿನ ಗುರುತಿರಲಿ

ಉಪಾಹಾರಗೃಹವೊಂದು ನೆನಪಿನಲ್ಲಿ ಉಳಿಯಲು ರುಚಿಯೊಂದೇ ಸಾಲದು. ನಾಲಗೆ ಸವಿದುದಕ್ಕೆ ಕಣ್ಣೂ ಸಾಕ್ಷಿಯಾಗಬೇಕು. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನವನ್ನೇ ನೋಡಿ. ಅದರ ಕೀರ್ತಿಗೆ ಮಸಾಲೆ ದೋಸೆ ಕಾರಣ, ನಿಜ. ಆದರೆ ಒತ್ತೊತ್ತಾದ ಮೇಜುಗಳು, ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿ ತರುವ ಪರಿಚಾರಕರು, ಗೋಡೆಯ ಮೇಲಿನ ನಾಡಿನ ಗಣ್ಯರ ರೇಖಾಚಿತ್ರಗಳು, ಇವೆಲ್ಲವೂ ಸೇರಿ ಅದಕ್ಕೊಂದು ವ್ಯಕ್ತಿತ್ವ ಬಂದಿದೆ. ದೋಸೆ ಬೇರೆಡೆಯೂ ದೊರೆತೀತು. ಆ ಗೋಡೆ ದೊರೆಯದು.

ನಮ್ಮ ಆದೋನಿಯ ತಟ್ಟೆಗೇನು ಕೊರತೆ? ಮಂಡಕ್ಕಿಯನ್ನು ನೆನೆಸಿ ಒಗ್ಗರಣೆ ಹಾಕಿದರೆ ಇಲ್ಲಿ ಅದು ಉಗ್ಗಾಣಿ, ಬಳ್ಳಾರಿಯತ್ತ ಮಂಡಕ್ಕಿ ಒಗ್ಗರಣೆ, ಸೊಲ್ಲಾಪುರದ ಮರಾಠಿಗರಿಗೆ ಸುಶೀಲಾ. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಉಗ್ಗಾಣಿ ಮತ್ತು ಮೆಣಸಿನಕಾಯಿ ಬಜ್ಜಿಯ ನಂಟು ಮಾತ್ರ ಗಡಿಯ ಎರಡೂ ಬದಿಯಲ್ಲಿ ಉಳಿಯಿತು.

ಹೊಸ ಹೋಟೆಲುಗಳ ಗೋಡೆಗಳು ಈ ನಂಟನ್ನು ಬಹುಮಟ್ಟಿಗೆ ಮರೆತಿವೆ. ಯಾವ ಊರಿಗೂ ಸಲ್ಲುವ ಅಚ್ಚಿನ ಚಿತ್ರಗಳ ನಡುವೆ ಕುಳಿತವರಿಗೆ ತಾವು ಎಲ್ಲಿದ್ದೇವೆಂಬುದೇ ತಿಳಿಯದು. ಆದೋನಿಯ ಜಾಮಿಯಾ ಮಸೀದಿಯ ಕಮಾನು, ಚಿಪ್ಪಗಿರಿಯ ವಿಜಯದಾಸರ ಚಿತ್ರ, ತೆಲುಗಿನ ಪಕ್ಕದಲ್ಲಿ ಕನ್ನಡದಲ್ಲಿಯೂ ಬರೆದ ತಿಂಡಿಪಟ್ಟಿ, ಇಷ್ಟಿದ್ದರೂ ಸಾಕು.

ಶಾಲೆಯಾಚೆಗೆ ಕನ್ನಡಾಕ್ಷರ ಕಣ್ಣಿಗೆ ಬೀಳುವ ಎಡೆಗಳು ಇಲ್ಲಿ ವಿರಳ. ಕಾಣದ ಲಿಪಿ ಕ್ರಮೇಣ ಪಠ್ಯಪುಸ್ತಕದೊಳಗೇ ಉಳಿದುಬಿಡುತ್ತದೆ. ಆದುದರಿಂದ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳೇ, ಪರಿಚಿತ ಹೋಟೆಲಿನ ಮಾಲೀಕರನ್ನು ಕೇಳಿ, ಒಂದು ತಿಂಡಿಪಟ್ಟಿಯನ್ನಾದರೂ ಅಂದವಾಗಿ ಬರೆದುಕೊಡಿ.