ಮೆಷಿನ್ ಲ್ಯಾಬ್ ಗುಜರಿಗೆ, ಗ್ರಿಡ್ ಯಾರ ಕೈಗೆ?

ನಾನು ಬಹುಕಾಲ ಪಾಠ ಮಾಡಿದ ಒಂದು ಇಂಜಿನಿಯರಿಂಗ್ ಕಾಲೇಜಿನ ಹಿಂದಿನ ಗೇಟಿಗೆ ಎರಡು ವರ್ಷದ ಕೆಳಗೆ ಲಾರಿ ಬಂದು ನಿಂತಿತ್ತು. ಎಲೆಕ್ಟ್ರಿಕಲ್ ವಿಭಾಗದ ಮೆಷಿನ್ ಲ್ಯಾಬಿನಿಂದ ಡಿ.ಸಿ. ಮೋಟಾರುಗಳನ್ನೂ ಜನರೇಟರ್ ಸೆಟ್ಟುಗಳನ್ನೂ ಪೈಪುಗಳ ಮೇಲೆ ಉರುಳಿಸಿಕೊಂಡು ತಂದು ಅದಕ್ಕೆ ಏರಿಸಿದರು. ತಾಮ್ರದ ತೂಕ ನೋಡಿ ಬೆಲೆ ಕಟ್ಟಿದ್ದರು. ಆ ಹಾಲಿನಲ್ಲಿ ಈಗ ಸಾಲಾಗಿ ಕಂಪ್ಯೂಟರುಗಳಿವೆ. ಹಿಂದೆ ಅಲ್ಲಿ ಒಂದು ಪ್ರಯೋಗವಿತ್ತು: ಚಾಲನೆಯಲ್ಲಿರುವ ಬಸ್‌ಬಾರಿಗೆ ಇನ್ನೊಂದು ಜನರೇಟರನ್ನು ಸೇರಿಸುವಾಗ, ಮೂರು ದೀಪಗಳು ಒಟ್ಟಿಗೆ ಮಿನುಗುತ್ತ, ನಿಧಾನವಾಗುತ್ತ, ಒಟ್ಟಿಗೆ ಆರುವ ಕ್ಷಣಕ್ಕೆ ಕಾದು ಸ್ವಿಚ್ ಹಾಕಬೇಕು. ಕೈ ಒಂದಿಷ್ಟು ಮುಂಚೆ ಹೋದರೆ ಯಂತ್ರ ಗುಡುಗುತ್ತದೆ. ಹಾಗೆ ಗುಡುಗಿದ್ದನ್ನು ಒಮ್ಮೆ ಕೇಳಿದ ವಿದ್ಯಾರ್ಥಿ ‘ಸಿಂಕ್ರೊನೈಸೇಷನ್’ ಎಂಬ ಮಾತನ್ನು ಜನ್ಮದಲ್ಲಿ ಮರೆಯುವುದಿಲ್ಲ. ಆ ಪ್ರಯೋಗ ಆ ಕಾಲೇಜಿನಲ್ಲಿ ಇನ್ನಿಲ್ಲ.

ಸಿ.ಇ.ಟಿ. ಆಪ್ಷನ್ ಎಂಟ್ರಿಯ ದಿನಗಳು ಬಂದಾಗಲೆಲ್ಲ ಸೀಟಿನ ಗಲಾಟೆ ಏಳುತ್ತದೆ. ಶುಲ್ಕ ಎಷ್ಟು, ಸಿ.ಎಸ್. ಸೀಟು ಎಷ್ಟು, ಸೀಟ್ ಬ್ಲಾಕಿಂಗ್ ಮಾಡಿದವರು ಯಾರು ಎಂಬಲ್ಲಿಗೆ ಆ ಚರ್ಚೆ ಮುಗಿದುಹೋಗುತ್ತದೆ. 2024–25ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಉತ್ತಮ ಸಾಧನೆಯ ಕಾಲೇಜುಗಳಿಗೆ ಒಂದು ಬ್ರಾಂಚಿನಲ್ಲಿ ಇಷ್ಟೇ ಸೀಟು ಎಂಬ ಮೇಲ್ಮಿತಿಯನ್ನು ತೆಗೆದುಹಾಕಿತು. ಆಮೇಲೆ ಬೇಡಿಕೆ ಇರುವ ಬ್ರಾಂಚು ಉಬ್ಬುತ್ತಿದೆ, ಉಳಿದವು ಸೊರಗುತ್ತಿವೆ. ಕಂಪ್ಯೂಟರ್ ಸೀಟುಗಳ ಈ ಏರಿಕೆಯ ಬಗ್ಗೆ ರಾಜ್ಯ ಸರ್ಕಾರವೂ ಕಳವಳ ಹೇಳಿಕೊಂಡಿದೆ. ಆದರೆ ಸೊರಗಿದ ಬ್ರಾಂಚಿನಲ್ಲಿ ಕಲಿಸುತ್ತಿದ್ದದ್ದು ಏನು, ಅದು ನಿಂತರೆ ಯಾರ ಮನೆಯಲ್ಲಿ ಏನು ನಿಲ್ಲುತ್ತದೆ ಎಂದು ಕೇಳಿದವರು ಕಡಿಮೆ.

ಆ ಪ್ರಶ್ನೆಗೆ ಉತ್ತರ ಹುಡುಕುವವರು ಕಾಡುಗೋಡಿಯನ್ನು ನೆನೆಯಬೇಕು. 2023ರ ನವೆಂಬರ್ 19ರ ಬೆಳಗಿನ ಜಾವ ಬೆಂಗಳೂರಿನ ಆ ಬಡಾವಣೆಯ ಫುಟ್‌ಪಾತಿನಲ್ಲಿ ತುಂಡಾಗಿ ಬಿದ್ದಿದ್ದ ತಂತಿಯನ್ನು ತುಳಿದು ಒಬ್ಬ ತಾಯಿ, ಅವಳ ಕೈಯಲ್ಲಿದ್ದ ಹಸುಗೂಸು ಸುಟ್ಟುಹೋದರು. ತಂತಿ ನೆಲಕ್ಕೆ ಬಿದ್ದಿತ್ತು, ಅದರಲ್ಲಿ ಕರೆಂಟು ಇತ್ತು. ಅಧಿಕಾರಿಗಳ ಅಮಾನತು, ತನಿಖೆ, ಪರಿಹಾರ ಎಲ್ಲ ಆಯಿತು. ಆ ಪ್ರಕರಣದಲ್ಲಿ ತಪ್ಪು ಯಾರದೆಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ನೆಲಕ್ಕೆ ಬಿದ್ದ ತಂತಿಯಲ್ಲಿ ಕರೆಂಟು ಏಕೆ ಉಳಿಯುತ್ತದೆ ಎಂಬ ಪ್ರಶ್ನೆ ಮಾತ್ರ ನಾವು ತರಗತಿಯಲ್ಲಿ ಒಂದಿಡೀ ವಾರ ಬಿಡಿಸುತ್ತಿದ್ದ ಪ್ರಶ್ನೆ.

ಒದ್ದೆ ಮಣ್ಣಿನ ಮೇಲೆ 11 ಕೆ.ವಿ. ತಂತಿ ಬಿದ್ದರೆ ಭೂಮಿಗೆ ಸಾಕಷ್ಟು ಕರೆಂಟು ಹರಿಯುತ್ತದೆ, ಸಬ್‌ಸ್ಟೇಷನ್ನಿನ ರಿಲೇ ಎಚ್ಚರಗೊಳ್ಳುತ್ತದೆ, ಬ್ರೇಕರ್ ಬಿಡಿಸಿಕೊಳ್ಳುತ್ತದೆ. ಒಣ ಕಾಂಕ್ರೀಟಿನ ಮೇಲೆ, ಡಾಂಬರಿನ ಮೇಲೆ, ಜಲ್ಲಿಯ ಮೇಲೆ ಬಿದ್ದರೆ ಹರಿಯುವುದು ಕೆಲವೇ ಆಂಪಿಯರ್. ನೂರಾರು ಆಂಪಿಯರ್ ಹೊರುವ ಫೀಡರಿನಲ್ಲಿ ಅಷ್ಟು ಸಣ್ಣ ವ್ಯತ್ಯಾಸ ರಿಲೇಗೆ ಕಾಣದೇ ಹೋಗಬಹುದು. ರಿಲೇಯನ್ನು ಇನ್ನೂ ಸೂಕ್ಷ್ಮ ಮಾಡಿದರೆ ಗಾಳಿಗೆ ಒಂದು ತೆಂಗಿನ ಗರಿ ತಾಗಿದಾಗಲೆಲ್ಲ ಊರಿಗೆ ಊರೇ ಕತ್ತಲಾಗುತ್ತದೆ. ಈ ಎರಡರ ನಡುವೆ ಸರಿಯಾದ ಜಾಗ ಯಾವುದು? ಯಾವ ಫೀಡರಿಗೆ ಎಷ್ಟಿಡಬೇಕು? ಲೋಡು ಬೆಳೆದ ಮೇಲೆ ಯಾವಾಗ ಮತ್ತೆ ಲೆಕ್ಕ ಹಾಕಬೇಕು? ‘ಸ್ವಿಚ್‌ಗೇರ್ ಅಂಡ್ ಪ್ರೊಟೆಕ್ಷನ್’ ಎಂಬ ಪೇಪರಿನಲ್ಲಿ ಇರುವುದು ಇದು. ಅದನ್ನು ಕಲಿಯುವವರ ಸಂಖ್ಯೆ ಕುಸಿದರೆ ನೊಂದುಕೊಳ್ಳಬೇಕಾದವರು ಎಲೆಕ್ಟ್ರಿಕಲ್ ಮೇಷ್ಟ್ರುಗಳು ಮಾತ್ರ ಎಂದು ನಾವು ಭಾವಿಸಿದ್ದೇವೆ. ಫುಟ್‌ಪಾತಿನಲ್ಲಿ ನಡೆಯುವ ಎಲ್ಲರೂ ನೊಂದುಕೊಳ್ಳಬೇಕು.

‘ಲೈನು ನೋಡಿಕೊಳ್ಳುವುದಕ್ಕೆ ಐ.ಟಿ.ಐ., ಡಿಪ್ಲೊಮಾ ಸಾಕಲ್ಲ’ ಎಂದು ವಿದ್ಯಾವಂತರೇ ಹೇಳುತ್ತಾರೆ. ಲೈನ್ ಕ್ಲಿಯರ್ (ಎಲ್.ಸಿ.) ತೆಗೆದುಕೊಂಡು, ಲೈನಿನ ಸ್ವಿಚ್ (ಜಿ.ಓ.ಎಸ್.) ಎಳೆದು, ಮಳೆಯಲ್ಲಿ ಕಂಬ ಹತ್ತುವ ಪವರ್‌ಮ್ಯಾನ್‌ಗಳ ಬಗ್ಗೆ ನನಗಿರುವ ಗೌರವ ಅಷ್ಟಿಷ್ಟಲ್ಲ. ಪ್ರಾಣ ಒತ್ತೆಯಿಟ್ಟು ದುಡಿಯುವವರು ಅವರು. ಆದರೆ ಕಂಬದ ಮೇಲಿರುವವನ ಜೀವ ಉಳಿಯುವುದು ಸಬ್‌ಸ್ಟೇಷನ್ನಿನ ರಿಲೇಯನ್ನು ಸರಿಯಾಗಿ ಲೆಕ್ಕ ಹಾಕಿಟ್ಟವರ ಕೈಯಲ್ಲಿ. ಆ ಲೆಕ್ಕ ದಿನದಿನಕ್ಕೆ ಕಠಿಣವಾಗುತ್ತಿದೆ.

ಪಾವಗಡದ ಸೌರ ಪಾರ್ಕನ್ನೇ ನೋಡಿ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಮಧ್ಯಾಹ್ನ ಧಾರಾಳವಾಗಿ ಕೊಟ್ಟು, ಸೂರ್ಯ ಇಳಿಯುವ ಹೊತ್ತಿಗೆ, ಸರಿಯಾಗಿ ಮನೆಗಳಲ್ಲಿ ದೀಪ ಹತ್ತುವ ಹೊತ್ತಿಗೆ, ಕೈಬಿಡುತ್ತದೆ. ಆಗ ಶರಾವತಿಯ 1,035 ಮೆಗಾವ್ಯಾಟ್ ಕೇಂದ್ರದಂಥ ಜಲವಿದ್ಯುತ್ ಘಟಕಗಳು ನಿಮಿಷಗಳಲ್ಲಿ ಏರಬೇಕು. ರಾಜ್ಯದ ಗರಿಷ್ಠ ಬೇಡಿಕೆ 2025ರ ಬೇಸಿಗೆಯಲ್ಲಿ 18,000 ಮೆಗಾವ್ಯಾಟ್ ದಾಟಿದೆ. ರೈತರ ಪಂಪ್‌ಸೆಟ್ಟಿಗೆ ಹಗಲಲ್ಲೇ ತ್ರೀ ಫೇಸ್ ಕೊಡಿ ಎಂಬ ಬೇಡಿಕೆ ನ್ಯಾಯವಾದದ್ದು; ರಾತ್ರಿ ಹೊಲಕ್ಕೆ ಹೋಗಿ ಹಾವು ತುಳಿಯುವುದು ತಪ್ಪಬೇಕು. ಆದರೆ ಲಕ್ಷಗಟ್ಟಲೆ ಪಂಪುಗಳನ್ನು ಹಗಲಿಗೆ ತಿರುಗಿಸಿ, ಮನೆ ಮನೆಯ ಚಾವಣಿಯಿಂದ ಕರೆಂಟನ್ನು ಹಿಂದಕ್ಕೆ ತಂದು, ಹಳ್ಳಿಯ ಟ್ರಾನ್ಸ್‌ಫಾರ್ಮರ್ (ಟಿ.ಸಿ.) ಸುಡದಂತೆ ನೋಡಿಕೊಳ್ಳುವ ಲೆಕ್ಕ ಸಣ್ಣದಲ್ಲ. ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟಿಗೆಂದು ಹಾಕಿದ ಲೈನಿನಲ್ಲಿ ಈಗ ಅದು ಎರಡೂ ದಿಕ್ಕಿಗೆ ಹರಿಯುತ್ತಿದೆ.

2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದ ಗ್ರಿಡ್ ಕುಸಿದು 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ ಕತ್ತಲಾದಾಗ ನಾವು ಬಚಾವಾದೆವು. ನಮ್ಮ ದಕ್ಷಿಣ ಗ್ರಿಡ್ ಆಗ ಅವುಗಳೊಡನೆ ಒಂದೇ ಲಯದಲ್ಲಿ ಬೆಸೆದುಕೊಂಡಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಲೈನಿನ ಮೂಲಕ ಬೆಸೆದುಕೊಂಡಿತು. ಅದರಿಂದ ಲಾಭ ಬಹಳ. ಜೊತೆಗೆ ದೂರದ ಒಂದು ತಪ್ಪು ಇಲ್ಲಿಗೂ ತಲುಪಬಹುದಾದ ದಾರಿ ತೆರೆದಿದೆ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ನಡುಹಗಲಲ್ಲಿ ಕರೆಂಟು ಕಳೆದುಕೊಂಡವು. ಹತೋಟಿ ಮೀರಿ ಏರಿದ ವೋಲ್ಟೇಜು ಒಂದರ ಹಿಂದೊಂದು ಕೇಂದ್ರವನ್ನು ಕೆಡವಿತು. ಅಷ್ಟು ಮುಂದುವರಿದ ದೇಶಗಳಿಗೇ ಅದು ಸಂಭವಿಸಿತೆಂದರೆ, ನಾವು ನಮ್ಮ ಮೆಷಿನ್ ಲ್ಯಾಬುಗಳನ್ನು ಕಿಲೋ ಲೆಕ್ಕದಲ್ಲಿ ಮಾರುವ ಕಾಲ ಇದಾಗಿತ್ತೇ?

ಕಾಲೇಜು ಆಡಳಿತಗಳ ವಾದ ನನಗೆ ಗೊತ್ತು. ಅರ್ಧ ತರಗತಿ ಖಾಲಿ, ಅಧ್ಯಾಪಕರ ಸಂಬಳ ಎಲ್ಲಿಂದ ತರೋಣ ಎನ್ನುತ್ತಾರೆ. ತಂದೆತಾಯಿಯರ ಆತಂಕವೂ ಸುಳ್ಳಲ್ಲ. ಸಾಲ ಮಾಡಿ ಓದಿಸುವವರು ಮಗಳಿಗೆ ಬೇಗ ಕೆಲಸ ಸಿಗುವ ದಾರಿಯನ್ನೇ ನೋಡುತ್ತಾರೆ, ನೋಡಬೇಕು. ಎಲೆಕ್ಟ್ರಿಕಲ್ ಓದಿದವಳು ಕೆ.ಪಿ.ಟಿ.ಸಿ.ಎಲ್. ಅಥವಾ ಬೆಸ್ಕಾಂ ನೇಮಕಾತಿಗೆಂದು ವರ್ಷಗಟ್ಟಲೆ ಕಾದು, ಕಡೆಗೆ ಮೂರು ತಿಂಗಳ ಕೋರ್ಸು ಮಾಡಿ ಸಾಫ್ಟ್‌ವೇರಿಗೆ ಹೋಗುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಹಾಗಾಗಿ ನನ್ನ ದೂರು ವಿದ್ಯಾರ್ಥಿಯ ಮೇಲಾಗಲಿ ಅವರ ಮನೆಯವರ ಮೇಲಾಗಲಿ ಇಲ್ಲ, ಸರ್ಕಾರದ ಮೇಲೆ ಇದೆ. ಈ ರಾಜ್ಯದಲ್ಲಿ ಕರೆಂಟು ಸಾಗಿಸುವ ಕಂಪನಿ ಸರ್ಕಾರದ್ದು, ಹಂಚುವ ಐದು ಎಸ್ಕಾಂಗಳು ಸರ್ಕಾರದವು, ಶರಾವತಿ, ರಾಯಚೂರು, ಬಳ್ಳಾರಿಯಲ್ಲಿ ಉತ್ಪಾದಿಸುವ ನಿಗಮವೂ ಸರ್ಕಾರದ್ದು. ಇಷ್ಟು ದೊಡ್ಡ ಉದ್ಯೋಗದಾತ ತನಗೆ ಬೇಕಾದ ಇಂಜಿನಿಯರುಗಳನ್ನು ತಯಾರು ಮಾಡುವ ಹೊಣೆಯನ್ನು ಸೀಟಿನ ಸಂತೆಗೆ ಬಿಟ್ಟು ಕೂತಿದೆ.

ಹಿಂದಿನವರು ಹೀಗೆ ಕೂರಲಿಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಒಯ್ಯುವಾಗ ಮೈಸೂರು ಸಂಸ್ಥಾನ ಹೊರದೇಶದ ಯಂತ್ರ, ಹೊರದೇಶದ ತಜ್ಞರನ್ನೇ ನೆಚ್ಚಬೇಕಾಗಿತ್ತು. ಹತ್ತು ವರ್ಷ ತುಂಬುವುದರೊಳಗೆ, 1911ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂಥ ತಜ್ಞರನ್ನು ಇಲ್ಲೇ ತಯಾರು ಮಾಡಬಲ್ಲ ವಿದ್ಯುತ್ ತಂತ್ರಜ್ಞಾನದ ವಿಭಾಗ ತೆರೆಯಿತು.

ಇವತ್ತು ಮಾಡಬೇಕಾದ್ದು ಕಷ್ಟದ್ದೇನೂ ಅಲ್ಲ. ವಿದ್ಯುತ್ ಕಂಪನಿಗಳು ಇಂಜಿನಿಯರ್ ಹುದ್ದೆಗಳಿಗೆ ಪ್ರತಿ ವರ್ಷ ಇಂಥದೇ ತಿಂಗಳು ನೇಮಕಾತಿ ಎಂದು ಘೋಷಿಸಿ ಹಾಗೆಯೇ ನಡೆಸಲಿ. ಆ ಒಂದು ಭರವಸೆ ಸಾಕು, ಆಪ್ಷನ್ ಎಂಟ್ರಿಯ ಪಟ್ಟಿ ತಾನಾಗಿ ಬದಲಾಗುತ್ತದೆ. ಅಂತಿಮ ವರ್ಷದವರನ್ನು ಸಬ್‌ಸ್ಟೇಷನ್ನುಗಳಲ್ಲಿ, ಲೋಡ್ ಡಿಸ್‌ಪ್ಯಾಚ್ ಕೇಂದ್ರದಲ್ಲಿ ಭತ್ಯೆ ಕೊಟ್ಟು ಇಂಟರ್ನ್‌ಶಿಪ್ಪಿಗೆ ಕೂರಿಸಲಿ. ಬಡ ಮಕ್ಕಳ ಶುಲ್ಕವನ್ನು ಈ ಕಂಪನಿಗಳೇ ಹೊರಲಿ. ವಿ.ಟಿ.ಯು. ಸಂಯೋಜನೆಯ ತಪಾಸಣೆಗೆ ಬಂದಾಗ ಎಲೆಕ್ಟ್ರಿಕಲ್ ಮುಚ್ಚಿದ ಕಾಲೇಜಿಗೆ ಹೆಚ್ಚುವರಿ ಸಿ.ಎಸ್. ಸೀಟು ಇಲ್ಲ ಎಂದು ಖಡಾಖಂಡಿತವಾಗಿ ಹೇಳಲಿ. ಡೇಟಾ ಸೆಂಟರುಗಳು ಕರೆಂಟಿಲ್ಲದೆ ನಡೆಯುವುದಿಲ್ಲ ಎಂಬುದು ಆ ಸೀಟು ಕೇಳುವವರಿಗೂ ಗೊತ್ತು.

ಮೆಷಿನ್ ಲ್ಯಾಬನ್ನು ಹಣ ಸುರಿದು ಮತ್ತೆ ಕಟ್ಟಬಹುದು. ಅದರೊಳಗೆ ನಿಂತು ಕಲಿಸಬಲ್ಲ ಅಧ್ಯಾಪಕ ತಯಾರಾಗಲು ಹದಿನೈದು ವರ್ಷ ಬೇಕು, ಈಗಿರುವವರಲ್ಲಿ ಅನೇಕರು ನಿವೃತ್ತಿಯ ಅಂಚಿನಲ್ಲಿದ್ದಾರೆ. ಇಂಧನ ಸಚಿವರೂ ಉನ್ನತ ಶಿಕ್ಷಣ ಸಚಿವರೂ ಒಂದು ಮೇಜಿನ ಸುತ್ತ ಕೂತು ಮಾತಾಡಲಿ, ಮುಂದಿನ ಲಾರಿ ಇನ್ನೊಂದು ಕಾಲೇಜಿನ ಗೇಟಿಗೆ ಬರುವ ಮೊದಲು.