ಮೂವತ್ತು ವ್ಯಾಟಿನ ರೇಡಿಯೊ ಮತ್ತು ನಮ್ಮ ಪಾಟ್‌ಗಳು

ಮೈಸೂರಿನ ಸರಸ್ವತಿಪುರಂನಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ಕೆಲವು ಬ್ಯಾರಿ ಹುಡುಗರನ್ನು ಮೊನ್ನೆ ಭೇಟಿಯಾದೆವು. ಮಗ್ರಿಬ್ ಕಳೆದು ಚಹಾ ಕುಡಿಯುವಾಗ ಒಬ್ಬ ಹುಡುಗ ಇಂಗ್ಲೆಂಡಿನ ರೇಡಿಯೊ ನಿರೂಪಕ ಜಾನ್ ಪೀಲ್ ಅವರ ವಿಷಯ ತೆಗೆದ. 1967ರಿಂದ 2004ರಲ್ಲಿ ತೀರಿಕೊಳ್ಳುವ ತನಕ ಅವರು ಬಿಬಿಸಿ ರೇಡಿಯೊದಲ್ಲಿ ಹಾಡು ಹಾಕಿದವರು. ದೊಡ್ಡ ಕಂಪೆನಿಗಳ ಬೆಂಬಲ ಇಲ್ಲದ ಹುಡುಗರು ಅಂಚೆಯಲ್ಲಿ ಕಳಿಸಿದ ಕ್ಯಾಸೆಟ್ಟನ್ನೂ ಕೇಳಿ, ಹಿಡಿಸಿದರೆ ಬಿತ್ತರಿಸುತ್ತಿದ್ದರು. ಕೆಲವೊಮ್ಮೆ ರೆಕಾರ್ಡನ್ನು ತಪ್ಪು ವೇಗದಲ್ಲಿ ತಿರುಗಿಸಿಬಿಡುತ್ತಿದ್ದರಂತೆ! ಆದರೂ ಜನ ಬಿಡದೆ ಕೇಳಿದರು.

"ನಮ್ಮಲ್ಲಿ ಅಂಥವರು ಯಾರಿದ್ದಾರೆ ಉಸ್ತಾದ್?" ಎಂದ ಹುಡುಗ.

ಅಂಥವರೇ ಅಲ್ಲದಿದ್ದರೂ ಹತ್ತಿರದವರೊಬ್ಬರು ಇದೇ ಊರಲ್ಲಿ ಇದ್ದರು ಎಂದೆವು. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿ. 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ರೇಡಿಯೊ ಶುರು ಮಾಡಿದರು. ಯಂತ್ರದ ಶಕ್ತಿ ಬರೀ 30 ವ್ಯಾಟ್, ಮನೆಯ ಒಂದು ಬಲ್ಬಿನಷ್ಟು. ಸುಮಾರು ಆರು ವರ್ಷ ಕೈಯಿಂದ ದುಡ್ಡು ಹಾಕಿ, ನಾಲ್ಕು ಜನರಿಂದ ಕೇಳಿ ಪಡೆದು ನಡೆಸಿದರು. ಆಮೇಲೆ ಮೈಸೂರು ಸಂಸ್ಥಾನ ವಹಿಸಿಕೊಂಡಿತು. ಅವರ ನಿಲಯದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೊದ ಹೆಸರಾಯಿತು. ಸರಸ್ವತಿಪುರಂನಿಂದ ಒಂಟಿಕೊಪ್ಪಲು ದೂರವೇನಿಲ್ಲ. ಆ ಹುಡುಗರಲ್ಲಿ ಯಾರೂ ಹೋಗಿ ನೋಡಿರಲಿಲ್ಲ.

ಎಷ್ಟು ಜನ ಕೇಳುತ್ತಾರೆ ಎಂದು ಲೆಕ್ಕ ಹಾಕಿದ್ದರೆ ಅವರು ಆ ಯಂತ್ರ ಹಚ್ಚುತ್ತಲೇ ಇರಲಿಲ್ಲ. ನಾವು ಬ್ಯಾರಿಗಳು ಈ ಲೆಕ್ಕದಲ್ಲೇ ಸಿಕ್ಕಿಕೊಂಡಿದ್ದೇವೆ. ಮದುವೆ ಮನೆಯಲ್ಲಿ ಮೊಯಿಲಾಂಜಿ ಹಚ್ಚುವಾಗ ಹೆಂಗಸರು ಹಾಡುತ್ತಿದ್ದ ಪಾಟ್, ಕೋಲ್ಕಲಿಯ ಪಾಟ್, ದಫ್ ಬಡಿಯುತ್ತಾ ಹಾಡುತ್ತಿದ್ದ ಬೈತ್ ಇವೆಲ್ಲ ಎಷ್ಟು ಮನೆಗಳಲ್ಲಿ ಉಳಿದಿವೆ? ಈಗ ಹಾಲ್ ಬುಕ್ ಮಾಡುತ್ತೇವೆ, ಸೌಂಡ್ ಸಿಸ್ಟಮ್‌ನವನು ಪೆನ್‌ಡ್ರೈವ್ ಸಿಕ್ಕಿಸಿ ಹೋಗುತ್ತಾನೆ. ಸಂಗೀತದ ಬಗ್ಗೆ ಉಲಮಾಗಳಲ್ಲಿ ಬೇರೆಬೇರೆ ಅಭಿಪ್ರಾಯ ಇದೆ, ನಮಗದು ಗೊತ್ತು. ಆದರೆ ನಾವಿಲ್ಲಿ ಹೇಳುತ್ತಿರುವುದು ಅಜ್ಜಿಯರ ಬಾಯಲ್ಲಿ ಇರುವ, ನಮ್ಮ ಭಾಷೆಯ ಮಾತು ಹೊತ್ತುಕೊಂಡಿರುವ ಹಾಡುಗಳನ್ನು. ಅವರು ಹೋದರೆ ಆ ಮಾತೂ ಹೋಯಿತು.

ಏನೂ ಆಗಿಲ್ಲ ಅಂತಲ್ಲ. 2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ರೇಡಿಯೊ ಸಾರಂಗ್ 107.8ರಲ್ಲಿ ತುಳು, ಕೊಂಕಣಿಯ ಜೊತೆ ಬ್ಯಾರಿಗೂ ಜಾಗ ಇದೆ. ಕ್ರೈಸ್ತರ ಸಂಸ್ಥೆಯೊಂದು ಕೊಟ್ಟ ಜಾಗ, ನೆನಪಿರಲಿ. ನಮ್ಮ ಜಮಾಅತ್‌ಗಳ, ನಮ್ಮ ವಿದ್ಯಾಸಂಸ್ಥೆಗಳ ಕೈಯಲ್ಲಿ ದುಡ್ಡಿಲ್ಲವೇ? ಸಮುದಾಯ ರೇಡಿಯೊ ನಡೆಸಲು ನೋಂದಾಯಿತ ಸಂಸ್ಥೆಗಳು, ಕಾಲೇಜುಗಳು ಅರ್ಜಿ ಹಾಕಬಹುದು. ಅದಕ್ಕೆ ಸಾಮಾನ್ಯವಾಗಿ ಸಿಗುವ ಶಕ್ತಿ 100 ವ್ಯಾಟ್. ಗೋಪಾಲಸ್ವಾಮಿಯವರ ಕೈಯಲ್ಲಿದ್ದದ್ದಕ್ಕಿಂತ ಮೂರು ಪಟ್ಟು ಹೆಚ್ಚು.

ರೇಡಿಯೊ ಆಗುವಾಗ ಆಗಲಿ, ಸದ್ಯಕ್ಕೆ ಹಾಡುಗಳನ್ನಾದರೂ ಹಿಡಿದಿಡಿ ಎಂದು ಹುಡುಗರಿಗೆ ಹೇಳಿದೆವು. ಈ ರಜೆಗೆ ಊರಿಗೆ ಹೋದಾಗ ಅಜ್ಜಿಯ ಹತ್ತಿರ ಕೂತು, ಒಪ್ಪಿಗೆ ಕೇಳಿ, ಹಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಯಾರು, ಯಾವ ಊರು, ಯಾರಿಂದ ಕಲಿತದ್ದು ಎಂಬುದನ್ನೂ ಕೇಳಿ ಬರೆದಿಡಿ.

ಅಷ್ಟರವರೆಗೆ ಸುಮ್ಮನಿದ್ದ ಹುಡುಗನೊಬ್ಬ ಫೋನ್ ತೆಗೆದ. ಹೋದ ವರ್ಷ ತೀರಿಕೊಂಡ ಅಜ್ಜಿಯ ಸ್ವರ ಅದರಲ್ಲಿತ್ತು. ಹಿಂದೆ ಅಡುಗೆ ಮನೆಯ ಪಾತ್ರೆ ಸದ್ದು, ನಡುನಡುವೆ ಕೆಮ್ಮು. ಯಾರಿಗೂ ಕಳಿಸಿಲ್ಲ ಉಸ್ತಾದ್, ಯಾರು ಕೇಳುತ್ತಾರೆ ಅಂದುಕೊಂಡೆ ಎಂದ. ಇಶಾ ಬಾಂಗ್ ಆಗುವ ತನಕ ನಾವೆಲ್ಲ ಅದನ್ನೇ ಕೇಳಿದೆವು.